ಜೋಡಿ ಹಾಳೆ

ಎಂಬತ್ತಾರನೇ ಪುಟ ಆದ ಮೇಲೆ ಎಂಬತ್ತೊಂಬತ್ತು. ನಡುವಿನ ಹಾಳೆ ಮಾಯ!

ನಾನು ನಮ್ಮ ಕಾಲೇಜಿನ ನೂರು ವರ್ಷದ ಚರಿತ್ರೆ ಬರೆಯುತ್ತಿದ್ದೆ. ನಲವತ್ತೆರಡು ವರ್ಷದ ಹಿಂದೆ ಆವರಣದ ಚರ್ಚಿನ ಬಣ್ಣದ ಗಾಜಿಗೆ ಕಲ್ಲೆಸೆದು ಕಾಲೇಜಿನಿಂದ ಹೊರಬಿದ್ದ ವಿದ್ಯಾರ್ಥಿಯ ಪ್ರಸಂಗ ಕರಡಿನಲ್ಲಿತ್ತು. ಅವನ ಹೆಸರು ತುಂಬಲು ಹಳೆಯ ಶಿಸ್ತಿನ ರಿಜಿಸ್ಟರ್ ತೆರೆದರೆ ಹೀಗೆ.

"ಇನ್ಯಾರು? ಗಂಟೆಯಣ್ಣನೇ," ಎಂದರು ಪ್ರಿನ್ಸಿಪಾಲ್ ಫಾದರ್. "ಆ ಹುಡುಗ ಇವನೇ ಅಂತ ಹಳಬರಿಗೆಲ್ಲ ಗೊತ್ತು. ರಿಜಿಸ್ಟರ್ ಇಡುವ ಬೀರುವಿನ ಕೀಲಿಯೂ ಇವನ ಸೊಂಟದಲ್ಲೇ."

ಗಂಟೆಯಣ್ಣ ಓದು ತಪ್ಪಿದ ಮೇಲೆ ಇದೇ ಕಾಲೇಜಿಗೆ ಜವಾನನಾಗಿ ಬಂದವನು. ನಾವು ಓದುವಾಗ, ಏದುಸಿರು ಬಿಡುತ್ತ ಓಡಿ ಬರುವವರು ಕಂಡರೆ ಗಂಟೆಯ ಕೊನೆಯ ಏಟನ್ನು ತಡೆದು ನಿಲ್ಲುತ್ತಿದ್ದ. ನನ್ನ ಹಾಜರಿಯ ಅರ್ಧ ಪುಣ್ಯ ಅವನದೇ. ನಿವೃತ್ತಿಗೆ ಹದಿನೈದು ದಿನವಿತ್ತು. ಫಾದರ್ ಕೀಲಿ ಕಸಿದುಕೊಂಡು ಮನೆಗೆ ಕಳಿಸಿಬಿಟ್ಟರು. ನಾನು ಅಕ್ಕನನ್ನು ಕರೆತಂದೆ.

ಅಕ್ಕ ಈಚೆಗಷ್ಟೇ ಸ್ವಯಂ ನಿವೃತ್ತಿ ಪಡೆದವಳು. ಪೊಲೀಸರಿಗಾಗಿ ನಕಲಿ ಕಾಗದಪತ್ರ ಹಿಡಿಯುವುದೇ ಅವಳ ಕೆಲಸವಾಗಿತ್ತು. ಓದಿದ್ದೂ ಇಲ್ಲೇ. ಮರದ ಮೆಟ್ಟಿಲು ಹತ್ತುತ್ತ ನಿಂತಳು.

"ಇದಿನ್ನೂ ಕಿರುಗುಟ್ಟುತ್ತಲ್ಲೋ. ಲೈಬ್ರರಿಗೆ ಕದ್ದು ಬರೋಕೇ ಬಿಡ್ತಿರಲಿಲ್ಲ."

ಕಣ್ಣು ಒದ್ದೆಯಾಗಿತ್ತು. ಮೇಲೆ ಬಂದವಳೇ ವರಸೆ ಬದಲಿಸಿದಳು.

"ನಿನ್ನ ಕರಡು ಯಾರ್ಯಾರು ಓದಿದ್ದಾರೆ?"

"ನಾನು. ಆಮೇಲೆ ಗಣಿತದ ಮೇಷ್ಟ್ರು. ಇಸವಿ ಸರಿನೋಡೋಕೆ ಎರಡು ದಿನ ಇಲ್ಲೇ ಕೂತಿದ್ರು."

"ರಿಜಿಸ್ಟರ್ ಎಲ್ಲಿತ್ತು?"

"ಇದೇ ಮೇಜಿನ ಮೇಲೆ."

"ನೀನು?"

"ಮಧ್ಯೆ... ಕಾಫಿಗೆ ಹೋಗಿದ್ದೆ."

ಅವಳ ನೋಟಕ್ಕೆ ನಾನು ತಲೆ ತಗ್ಗಿಸಿದೆ. ಅಕ್ಕ ರಿಜಿಸ್ಟರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಫಾದರ್, ಮೇಷ್ಟ್ರು, ಗಂಟೆಯಣ್ಣ, ಮೂವರನ್ನೂ ಕರೆಸಿದಳು.

"ಫಾದರ್, ಕೀಲಿ ನಲವತ್ತು ವರ್ಷ ಇವರ ಹತ್ತಿರವೇ ಇತ್ತು. ಕೀಳೋದಾಗಿದ್ರೆ ಇಷ್ಟು ದಿನ ಕಾಯ್ತಿದ್ರಾ?"

ಅಕ್ಕ ರಿಜಿಸ್ಟರನ್ನು ಮೇಜಿನ ಮೇಲೆ ಬಿಚ್ಚಿಟ್ಟಳು.

"ಎಲ್ಲರೂ ಹೋದ ಹಾಳೆಯನ್ನೇ ಹುಡುಕಿದ್ರಿ, ಉಳಿದದ್ದನ್ನ ಯಾರೂ ನೋಡಲಿಲ್ಲ. ಹೊಲಿದ ಪುಸ್ತಕದಲ್ಲಿ ಹಾಳೆಗಳೆಲ್ಲ ಜೋಡಿ. ಒಂದನ್ನ ಕತ್ತರಿಸಿದ್ರೆ ಅದರ ಜೊತೆಯದು ಕಳಚಿ ಬರಬೇಕು. ಇಲ್ಲಿ ತೊಂಬತ್ತಮೂರನೇ ಪುಟ ಗಟ್ಟಿಯಾಗಿದೆ. ಯಾಕೆ?" ಭೂತಗನ್ನಡಿಯನ್ನು ನನ್ನ ಕೈಗಿತ್ತಳು. "ಬುಡದಲ್ಲಿ ಅಂಟಿಸಿರೋ ಪಟ್ಟಿ ನೋಡು."

ನೋಡಿದೆ. ಸಣ್ಣ ಸಣ್ಣ ಹಸಿರು ಚೌಕಗಳು. ಗ್ರಾಫ್ ಹಾಳೆ.

"ಕರಡು ಓದಿದವರು, ರಿಜಿಸ್ಟರಿನ ಪಕ್ಕ ಕೂತವರು, ಚೀಲದಲ್ಲಿ ಸದಾ ಗ್ರಾಫ್ ಹಾಳೆ ಇಟ್ಟುಕೊಂಡವರು. ಮೇಷ್ಟ್ರೇ?"

ಮೇಷ್ಟ್ರು ಒಳಜೇಬಿನಿಂದ ಮಡಿಸಿದ ಹಾಳೆ ತೆಗೆದರು.

"ಬಾಯಿಮಾತು ಜನ ಮರೀತಾರೆ. ಚರಿತ್ರೆಯಲ್ಲಿ ಇವರ ಹೆಸರು ಅಚ್ಚಾದ್ರೆ ಉಳಿದುಬಿಡುತ್ತೆ. ಅದಕ್ಕೇ ಕತ್ತರಿಸಿದೆ."

"ಅವರನ್ನ ಮನೆಗೆ ಕಳಿಸುವಾಗ ಯಾಕೆ ಹೇಳಲಿಲ್ಲ?"

"ಹೇಳಿದ್ರೆ, ನಿಮಗ್ಯಾಕೆ ಅಷ್ಟು ಕಾಳಜಿ ಅಂತ ಕೇಳ್ತಿದ್ರು." ಮೇಷ್ಟ್ರು ಗಂಟೆಯಣ್ಣನ ಕಡೆ ತಿರುಗಿದರು. "ನಾವಿಬ್ಬರೂ ಒಂದೇ ಬೆಂಚಿನವರು. ಕಲ್ಲು ಎಸೆದವನು ನಾನು. ಅಪವಾದ ಅವನ ತಲೆಗೆ ಬಂತು. ನಾನು ಸುಮ್ಮನಿದ್ದೆ."

ಫಾದರ್ ಕೆಂಪಗಾದರು. ಕೀಲಿಗೊಂಚಲು ತೆಗೆದು, "ನನ್ನನ್ನ ಕ್ಷಮಿಸಬೇಕು," ಎಂದು ಗಂಟೆಯಣ್ಣನ ಮುಂದಿಟ್ಟರು. ಅವನು ಅದರ ಕಡೆ ನೋಡಲೇ ಇಲ್ಲ. ಇಷ್ಟು ವರ್ಷ ತನ್ನ ಗೆಳೆಯನನ್ನು 'ಸಾರ್' ಎಂದೇ ಕರೆದವನು, ಈಗ ಹತ್ತಿರ ಹೋಗಿ ನಿಂತ.

"ಆಗ ನಮಗೆ ಹದಿನೆಂಟು ವರ್ಷ. ಹೆದರಿದ್ದಾನೆ, ಹೋಗಲಿ ಅಂದುಕೊಂಡೆ," ಎಂದ. "ಈಗ ಅರವತ್ತಾಯ್ತಲ್ಲೋ."