ಗೋಲಿನಲ್ಲಿ ನಿಂತ ರಾಕೆಟ್

ಏಳನೇ ಗೋಲು ಬಲೆಗೆ ಬಿದ್ದಾಗ ಬನ್ ಇನ್ನೂ ನೆಲದ ಮೇಲೆಯೇ ಇದ್ದ. ಅವನು ಎಡಕ್ಕೆ ಹಾರಿದ್ದ. ಚೆಂಡು ಬಲಕ್ಕೆ ಹೋಗಿತ್ತು.

"ಕಣ್ಣು ಎಲ್ಲಿಟ್ಕೊಂಡಿದ್ದೀಯೋ?" ಮೈದಾನದ ಆ ತುದಿಯಿಂದ ರಾಕೆಟ್ ಕೂಗಿದಳು. "ನಾನಿಲ್ಲಿ ಒಬ್ಳೇ ಸಾಯ್ತಾ ಇದೀನಿ, ನೀನಲ್ಲಿ ಮಲ್ಕೊಂಡಿದೀಯ."

ಬನ್ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. ದಿನಾ ಡಬ್ಬಿಯಲ್ಲಿ ಬನ್ ತರುತ್ತಿದ್ದುದರಿಂದ ಅವನಿಗೆ ಆ ಹೆಸರು. ಗೋಲಿನಲ್ಲಿ ನಿಲ್ಲಲು ಬೇರೆ ಯಾರೂ ಒಪ್ಪದಿದ್ದುದರಿಂದ ಅವನಿಗೆ ಆ ಕೆಲಸ.

ರಾಕೆಟ್ ಆರನೇ ಕ್ಲಾಸಿನ ಹುಡುಗಿ. ಓಟದಲ್ಲಿ ಅವಳನ್ನು ಹಿಂದೆ ಹಾಕುವವರು ಇಡೀ ಶಾಲೆಯಲ್ಲಿ ಇರಲಿಲ್ಲ. ಚೆಂಡು ಕಾಲಿಗೆ ಸಿಕ್ಕಿದರೆ ಸಾಕು, ಹಿಂದೆ ಮುಂದೆ ನೋಡದೆ ನುಗ್ಗಿಬಿಡುತ್ತಿದ್ದಳು. ಎದುರಿನವರು ನಾಲ್ಕು ಜನ ಸೇರಿ ಚೆಂಡು ಕಿತ್ತುಕೊಳ್ಳುತ್ತಿದ್ದರು. ಆಮೇಲೆ ರಾಕೆಟ್ ಸಿಕ್ಕಿದವರನ್ನು ಬೈಯುತ್ತಿದ್ದಳು. ಬೈಸಿಕೊಂಡವರು ಇನ್ನೊಬ್ಬರನ್ನು ಬೈಯುತ್ತಿದ್ದರು. ಕೊನೆಗೆ ಎಲ್ಲವೂ ಬಂದು ಬೀಳುತ್ತಿದ್ದುದು ಬನ್‌ನ ತಲೆಯ ಮೇಲೆ. ಆ ವರ್ಷ ತಂಡ ಒಂದು ಮ್ಯಾಚನ್ನೂ ಗೆದ್ದಿರಲಿಲ್ಲ.

ಆಟದ ಮೇಷ್ಟ್ರು ಬೇರೆ ಶಾಲೆಗೆ ಹೋಗಿಬಿಟ್ಟಿದ್ದರು. ಏಳು ಗೋಲು ತಿಂದ ಮಾರನೆಯ ಸಂಜೆ ಹೊಸ ಕೋಚ್ ಬಂದಾಗ ರಾಕೆಟ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕುತ್ತಿಗೆಗೆ ವಿಷಲ್ ಹಾಕಿಕೊಂಡು ಬರುತ್ತಿದ್ದವಳು ಅವಳ ಚಿಕ್ಕಮ್ಮ.

ಚಿಕ್ಕಮ್ಮ ರಾಕೆಟ್ ಮನೆಯಲ್ಲೇ ಇದ್ದು, ಶಾಲೆಯ ಎದುರು ಲಾಂಡ್ರಿ ನಡೆಸುತ್ತಿದ್ದಳು. ಕಾಲೇಜಿನಲ್ಲಿದ್ದಾಗ ಫುಟ್‌ಬಾಲ್ ಆಡಿದವಳು. ಹೆಡ್‌ಮಿಸ್ ಕೋಟು ಒಗೆಯಲು ಕೊಡಲು ಹೋದಾಗ ಮಾತಿನ ನಡುವೆ ಫುಟ್‌ಬಾಲಿನ ವಿಷಯ ಬಂದು ಈ ಕೆಲಸ ಅವಳ ಕೊರಳಿಗೆ ಬಿದ್ದಿತ್ತು.

"ಇಲ್ಲಿ ಒಂದೇ ರೂಲು," ಎಂದಳು ಚಿಕ್ಕಮ್ಮ. "ಯಾರೂ ಯಾರನ್ನೂ ಬೈಯೋ ಹಾಗಿಲ್ಲ. ಬಾಯಿ ಬಿಟ್ರೆ ಆಟಕ್ಕೆ ಬೇಕಾದ ಮಾತು ಮಾತ್ರ ಬರ್ಬೇಕು."

"ಬೈದ್ರೆ ಏನಾಗತ್ತೆ?" ಎಂದು ಕೇಳಿದವನು ಕನ್ನಡಕ. ದಪ್ಪ ಗಾಜಿನ ಕನ್ನಡಕವನ್ನು ಎಲಾಸ್ಟಿಕ್‌ನಿಂದ ತಲೆಗೆ ಬಿಗಿದುಕೊಂಡು ಆಡುತ್ತಿದ್ದ ಹುಡುಗ ಅವನು.

"ನನ್ನ ಅಂಗಡಿಗೆ ಬಂದು ಒಂದು ಬುಟ್ಟಿ ಸಾಕ್ಸ್‌ಗೆ ಜೋಡಿ ಹುಡುಕ್ಬೇಕು."

ಮೊದಲ ವಾರ ಗೋಲು ಹೊಡೆಯುವುದೇ ಇಲ್ಲ, ಬರೀ ಪಾಸು. ಚೆಂಡು ಕೊಡುವ ಮೊದಲು ಹೆಸರು ಕೂಗಬೇಕು. ಕೊಟ್ಟ ಮೇಲೆ ನಿಂತಲ್ಲೇ ನಿಲ್ಲದೆ ಮುಂದೆ ಓಡಬೇಕು. ರಾಕೆಟ್‌ಗೆ ತಲೆ ಕೆಟ್ಟುಹೋಯಿತು. ಆ ವಾರ ಅಂಗಡಿಯ ಸಾಕ್ಸ್‌ಗಳನ್ನೆಲ್ಲ ಹೆಚ್ಚುಕಡಿಮೆ ಅವಳೊಬ್ಬಳೇ ಜೋಡಿಸಿದಳು.

ಅದಾದ ಮೇಲೆ ಬಂತು ನೋಡಿ, ತಲೆಯ ಮೇಲೆ ಸಿಡಿಲು.

"ಮುಂದಿನ ಮ್ಯಾಚಲ್ಲಿ ಬನ್ ಡಿಫೆನ್ಸ್‌ಗೆ," ಎಂದಳು ಚಿಕ್ಕಮ್ಮ. "ಗೋಲಿಗೆ ರಾಕೆಟ್."

ಅವತ್ತು ಊಟಕ್ಕೆ ಕೂತಾಗ ರಾಕೆಟ್ ಚಿಕ್ಕಮ್ಮನ ಮುಖ ನೋಡಲಿಲ್ಲ.

"ಅಮ್ಮ, ನಿನ್ನ ತಂಗಿಗೆ ಉಪ್ಪು ಈ ಕಡೆ ಕೊಡೋಕೆ ಹೇಳು."

"ಅಕ್ಕ, ನಿನ್ನ ಮಗಳಿಗೆ ಹೇಳು, ಉಪ್ಪು ಅವಳ ತಟ್ಟೆ ಪಕ್ಕದಲ್ಲೇ ಇದೆ."

ಅಪ್ಪನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ರಾಕೆಟ್ ಮಾತ್ರ ನಗಲಿಲ್ಲ.

ಗೋಲಿನಲ್ಲಿ ಎರಡು ಸಂಜೆ ಪ್ರಾಕ್ಟೀಸ್ ಮಾಡಿದ ಮೇಲೆ ಅವಳು ನೇರ ಲಾಂಡ್ರಿಗೆ ಹೋದಳು. ಒಳಗೆಲ್ಲ ಹಬೆ. ಚಿಕ್ಕಮ್ಮ ಬಿಳಿ ಅಂಗಿಯೊಂದರ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತಿದ್ದಳು.

"ನನ್ನ ಮೇಲೆ ಏನು ಸಿಟ್ಟು ನಿಂಗೆ?"

"ಸಿಟ್ಟು ಯಾಕೆ ಬರತ್ತೆ?"

"ಮತ್ಯಾಕೆ ಗೋಲಲ್ಲಿ ನಿಲ್ಲಿಸ್ದೆ? ನಾನು ಎಷ್ಟು ಫಾಸ್ಟು ಅಂತ ಗೊತ್ತು ನಿಂಗೆ. ಅಲ್ಲಿ ಸುಮ್ನೆ ನಿಂತ್ಕೊಂಡು ಬೇರೆಯವ್ರ ಆಟ ನೋಡ್ಬೇಕು."

"ನೋಡ್ದೆ ತಾನೆ? ಏನು ಕಾಣಿಸ್ತು?"

ರಾಕೆಟ್ ಇಂಥ ಪ್ರಶ್ನೆ ಬರುತ್ತದೆ ಅಂದುಕೊಂಡಿರಲಿಲ್ಲ.

"ಕನ್ನಡಕ ಎಡಗಡೆ ಗೆರೆ ಹತ್ರ ಒಬ್ನೇ ಇರ್ತಾನೆ. ಪೂರ್ತಿ ಖಾಲಿ. ಆದ್ರೂ ಯಾರೂ ಅವನಿಗೆ ಬಾಲ್ ಕೊಡಲ್ಲ."

"ಹೂಂ."

"ಆಮೇಲೆ ಬನ್ ಅಡ್ಡ ನಿಂತ್ರೆ ಅವನನ್ನ ದಾಟೋಕಾಗಲ್ಲ. ಅವನು ಅಷ್ಟು ಗಟ್ಟಿ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಇದನ್ನೆಲ್ಲ ಅವರಿಗೆ ಹೇಳಿದ್ಯಾ?"

"ಇಲ್ಲ."

ಚಿಕ್ಕಮ್ಮ ಅಂಗಿಯನ್ನು ತಿರುವಿ ಹಾಕಿದಳು. "ಆಡ್ತಾ ಇರೋರಿಗೆ ಇದೆಲ್ಲ ಕಾಣಲ್ಲ ಕಣೇ. ನಿಂಗೆ ಕಾಣಿಸ್ತಿದೆ. ಕೂಗಿ ಹೇಳು."

ಮಾರನೆಯ ದಿನ ರಾಕೆಟ್ ಕೂಗಿದಳು. ಮೊದಲು ಎಲ್ಲರೂ ಬೈಗುಳ ಅಂದುಕೊಂಡು ಮುದುರಿಕೊಂಡರು. ಅದು ಬೈಗುಳವಲ್ಲ, ದಾರಿ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಮ್ಯಾಚಿನ ದಿನ ಎದುರಿಗಿದ್ದವರು ಏಳು ಗೋಲು ಹೊಡೆದಿದ್ದ ಅದೇ ಶಾಲೆಯವರು. ಆಟ ಶುರುವಾಗಿ ಇನ್ನೂ ಬೆವರು ಬಂದಿರಲಿಲ್ಲ, ಒಂದು ಚೆಂಡು ಮೆಲ್ಲಗೆ ಉರುಳಿಕೊಂಡು ರಾಕೆಟ್ ಕಡೆ ಬಂತು. ಎಳೆಮಗುವೂ ಹಿಡಿಯುವಂಥ ಚೆಂಡು. ಅವಳು ಬಾಗಿದಳು. ಚೆಂಡು ಕೈ ತಪ್ಪಿಸಿ, ಕಾಲುಗಳ ನಡುವೆ ನುಸುಳಿ ಬಲೆ ಸೇರಿತು.

ಎದುರು ತಂಡದವರು ಬಿದ್ದು ಬಿದ್ದು ನಕ್ಕರು. ರಾಕೆಟ್‌ನ ಕಿವಿ ಕೆಂಪಾಯಿತು. ತಲೆ ತಗ್ಗಿಸಿ, ಈಗ ಬೈಗುಳ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು.

ಬಂದವನು ಬನ್. ಬಲೆಯೊಳಗಿನ ಚೆಂಡನ್ನು ತಾನೇ ಎತ್ತಿ ಅವಳ ಕೈಗೆ ಕೊಟ್ಟ.

"ನಂಗೂ ಹೀಗೇ ಆಗ್ತಿತ್ತು," ಎಂದ. "ಬರೀ ಬಾಗ್ಬೇಡ, ಒಂದು ಮಂಡಿ ಊರು. ಕೈ ತಪ್ಪಿದ್ರೂ ಕಾಲಿಗೆ ತಾಗಿ ನಿಲ್ಲತ್ತೆ."

ಅಷ್ಟು ಹೇಳಿ ಅವನು ತನ್ನ ಜಾಗಕ್ಕೆ ಓಡಿದ. ರಾಕೆಟ್‌ಗೆ, ಅವನಿಗೆ ತಾನು ಅಂದಿದ್ದ ಒಂದೊಂದು ಮಾತೂ ನೆನಪಾಯಿತು.

ಅಲ್ಲಿಂದ ಮುಂದೆ ಅವಳ ಬಾಯಿಗೆ ಬಿಡುವಿಲ್ಲ. "ಬನ್, ಬಲಕ್ಕೆ ಒಬ್ಬ ಬರ್ತಿದಾನೆ. ಹಾಂ, ಹಾಗೇ. ಎಡಕ್ಕೆ ನೋಡು, ಕನ್ನಡಕ ಖಾಲಿ ಇದಾನೆ."

ಬನ್ ನೋಡಿದ. ಹೆಸರು ಕೂಗಿ ಎಡಕ್ಕೆ ಒದ್ದ. ಕನ್ನಡಕದ ಮುಂದೆ ಯಾರೂ ಇರಲಿಲ್ಲ. ಅವನು ಗೆರೆಯ ಗುಂಟ ಓಡಿ, ಹೊಡೆದ. ಎಲಾಸ್ಟಿಕ್ ಸಡಿಲಗೊಂಡು ಅವನ ಕನ್ನಡಕ ಮೂಗಿನಿಂದ ಜಾರಿ ಗಲ್ಲಕ್ಕೆ ಬಂದಿತ್ತು. "ಒಳಗೆ ಹೋಯ್ತಾ?" ಎಂದು ಅವನು ಪಕ್ಕದವರನ್ನು ಕೇಳಿದ. ಹೋಗಿತ್ತು.

ಎರಡೂ ಕಡೆ ಒಂದೊಂದು ಗೋಲು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತು. ಎದುರು ತಂಡದ ಎತ್ತರದ ಹುಡುಗ ಎಲ್ಲರನ್ನೂ ದಾಟಿ ಒಬ್ಬನೇ ನುಗ್ಗಿ ಬಂದ. ರಾಕೆಟ್ ಮುಂದಕ್ಕೆ ಓಡಿ ಮಂಡಿ ಊರಿದಳು. ಚೆಂಡು ತೊಡೆಗೆ ಬಡಿಯಿತು. ಚುರ್ ಎಂದಿತು. ಆದರೆ ನಿಂತಿತು.

ಚೆಂಡು ಈಗ ಅವಳ ತೋಳಿನಲ್ಲಿ. ಕಾಲುಗಳು ತಾವೇ ಓಡಲು ಹವಣಿಸಿದವು. ಅವಳು ಅವನ್ನು ತಡೆದು ಮೈದಾನದ ಮೇಲೆ ಕಣ್ಣಾಡಿಸಿದಳು.

"ಬನ್," ಎಂದು ಕೂಗಿ ಎಸೆದಳು.

ಬನ್ ಕನ್ನಡಕಕ್ಕೆ ಕೊಟ್ಟ. ಕೊಟ್ಟು ಓಡಿದ. ಯಾವತ್ತೂ ಅರ್ಧ ಮೈದಾನ ದಾಟದ ಬನ್, ಏದುಸಿರು ಬಿಡುತ್ತಾ, ಶೂ ಲೇಸು ಬಿಚ್ಚಿಕೊಂಡು ಓಡಿದ. ಅವನನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಕನ್ನಡಕ ಅವನ ಹೆಸರು ಕೂಗಿ ಚೆಂಡನ್ನು ಗೋಲಿನ ಮುಂದಕ್ಕೆ ತಳ್ಳಿದ. ಬನ್ ಒದ್ದ ರಭಸಕ್ಕೆ ಚೆಂಡಿನ ಜೊತೆ ಅವನೂ ಬಲೆಯೊಳಗೆ ಹೋಗಿ ಬಿದ್ದ.

ವಿಷಲ್ ಊದಿದಾಗ ತಂಡವೆಲ್ಲ ಆ ತುದಿಯಲ್ಲಿ ಬನ್ ಮೇಲೆ ರಾಶಿ ಬಿದ್ದಿತ್ತು. ಈ ತುದಿಯಲ್ಲಿ ರಾಕೆಟ್ ಒಬ್ಬಳೇ ಕುಣಿಯುತ್ತಿದ್ದಳು. ತಂಡ ಹೊಡೆದ ಎರಡು ಗೋಲಿನಲ್ಲಿ ಒಂದೂ ಅವಳದಲ್ಲ. ಅದು ಅವಳಿಗೆ ಆಗ ನೆನಪೂ ಆಗಲಿಲ್ಲ.

ಚಿಕ್ಕಮ್ಮ ನೀರಿನ ಬಾಟಲಿ ಹಿಡಿದು ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಮುಂದಿನ ಮ್ಯಾಚಿಗೆ ಎಲ್ಲಿ ಆಡ್ತೀಯ? ಮೊದಲಿನ ಜಾಗಕ್ಕೆ ಹೋಗ್ತೀಯಾ?"

ಕೂಗಿ ಕೂಗಿ ರಾಕೆಟ್‌ನ ಗಂಟಲು ಕಟ್ಟಿಹೋಗಿತ್ತು. "ಹೂಂ" ಎನ್ನಲು ಬಾಯಿ ತೆರೆದವಳು ತಡೆದಳು. ದೂರದಲ್ಲಿ ಹುಡುಗರು ಬನ್‌ನನ್ನು ಹೆಗಲ ಮೇಲೆ ಎತ್ತಲು ಹೋಗಿ, ಆಗದೆ, ಎಲ್ಲರೂ ಒಟ್ಟಿಗೆ ಉರುಳಿಬಿದ್ದರು.

"ಇರು," ಎಂದಳು. "ಅವರನ್ನ ಕೇಳ್ಕೊಂಡು ಬರ್ತೀನಿ."

ನೀರು ಕುಡಿಯುವುದನ್ನೂ ಮರೆತು ಅವಳು ಅವರ ಕಡೆ ಓಡಿದಳು.