ನದಿ ಕಡೆಯ ಕಿಟಕಿ

ಥೇಮ್ಸ್ ದಡದ ನಮ್ಮ ಪಬ್ಬನ್ನು ಹಳೆಯ ಹಡಗಿನ ಹಲಗೆಗಳಿಂದ ಕಟ್ಟಿದ್ದಾರೆ. ನದಿಯ ಕಡೆಗೊಂದು ಸಣ್ಣ ಕಿಟಕಿಯಿದೆ. ಉಬ್ಬರಕ್ಕೆ ನೀರೇರಿದಾಗ ದೋಣಿಯವರು ಹುಟ್ಟುಗೋಲಿನಿಂದ ಅದನ್ನು ತಟ್ಟುತ್ತಿದ್ದರು, ನಾವು ಬಿಯರ್ ಕೊಡುತ್ತಿದ್ದೆವು. ನದಿಯನ್ನೇ ಬಿಟ್ಟುಹೋಗುವವನು ತನ್ನ ಕೊನೆಯ ಮಗ್ಗನ್ನು ಕುಡಿಯದೆ ಕಿಟಕಿಯ ಹೊರಗಿನ ಕಟ್ಟೆಯ ಮೇಲೇ ಬಿಡುವುದು ಅವರ ವಾಡಿಕೆ.

ಆ ದೋಣಿಯವರಲ್ಲಿ ನನ್ನ ಮಗ ಸಿರಿಲ್ ಕೊನೆಯವನು. ಹೋದ ಚಳಿಗಾಲದಲ್ಲಿ ಮುಳುಗಿದ. ಹೆಣ ಸಿಗಲಿಲ್ಲ.

ಅಂದಿನಿಂದ ಪ್ರತಿ ಉಬ್ಬರಕ್ಕೂ ಕಿಟಕಿ ತಟ್ಟಿದ ಸದ್ದಾಗುತ್ತಿತ್ತು. ತೆರೆದರೆ ಬರೀ ನೀರು. ಅವನ ತವರದ ಮಗ್ಗಿನಲ್ಲಿ ಬಿಯರ್ ತುಂಬಿ ಹೊರಗಿನ ಕಟ್ಟೆಯ ಮೇಲೆ ಇಡುತ್ತಿದ್ದೆ. ಆಮೇಲೆ ನೋಡಿದರೆ ಮಗ್ಗು ಖಾಲಿ, ಅದರ ಹಿಡಿ ಮಾತ್ರ ಬೆಚ್ಚಗೆ.

"ಆ ಕಿಟಕಿಗೆ ಮೊಳೆ ಹೊಡೆದುಬಿಡ್ತೀನಿ ನೋರಾ," ಅಂದ ನನ್ನ ಗಂಡ ವಿಲ್ಫ್. "ಅಲ್ಲಿ ಯಾರೂ ಇಲ್ಲ ಕಣೇ."

"ಮತ್ತೆ ಕುಡಿಯೋರ್ಯಾರು?"

"ಗಾಳಿಗೆ ಚೆಲ್ಲಿರುತ್ತೆ."

"ಹಿಡಿ ಮುಟ್ಟಿ ನೋಡು."

ಅವನು ಮುಟ್ಟಲಿಲ್ಲ.

ಮೊನ್ನೆ ಮಧ್ಯಾಹ್ನ ನೀರು ಪೂರಾ ಇಳಿದು, ಕಿಟಕಿಯ ಕೆಳಗೆ ಕೆಸರಷ್ಟೇ ಉಳಿದಿತ್ತು. ಆಗ ತಟ್ಟಿದ ಸದ್ದಾಯಿತು. ಈ ಸಲ ವಿಲ್ಫ್‌ಗೂ ಕೇಳಿಸಿತು. ತೆರೆದೆ. ಕೆಸರಿನಲ್ಲಿ ಒಂದು ಹೆಜ್ಜೆಗುರುತೂ ಇರಲಿಲ್ಲ. ಬೆಳಗಿನ ಉಬ್ಬರಕ್ಕೆ ನಾನಿಟ್ಟ ಮಗ್ಗು ತುಂಬಿದ್ದಂತೆಯೇ ಕಟ್ಟೆಯ ಮೇಲಿತ್ತು. ಹಿಡಿ ತಣ್ಣಗಿತ್ತು.

ವಿಲ್ಫ್ ತುಂಬಾ ಹೊತ್ತು ಅದನ್ನೇ ನೋಡಿದ. "ಇನ್ನೊಂದು ತುಂಬಿಸಿಡು ನೋರಾ," ಅಂದ. "ಇದು ಹಿಡಿಸಲಿಲ್ವೇನೋ ಅವನಿಗೆ."

ತುಂಬಿಸಿಟ್ಟೆ. ಉಬ್ಬರ ಬಂದು ಹೋಯಿತು, ಮತ್ತೆ ಬಂತು. ಯಾರೂ ತಟ್ಟಲಿಲ್ಲ. ಎರಡನೆಯ ಮಗ್ಗು ಹಳಸಿತು, ಚೆಲ್ಲಿದೆ.

ಮೊದಲನೆಯದರ ನೊರೆ ಇನ್ನೂ ಇಳಿದಿಲ್ಲ.