ಹದಿನೇಳನೇ ಪ್ಲೇಟು

2025ರ ಫೆಬ್ರವರಿ 10, ಸೋಮವಾರ. ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಬಾಣಸವಾಡಿಯ ಔಷಧ ಸಂಶೋಧನಾ ಪ್ರಯೋಗಾಲಯವೊಂದರ ಮುಖ್ಯಸ್ಥ ಸಿದ್ಧಾರ್ಥ್ ಠಾಣೆಗೆ ದೂರು ತಂದರು. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟೊಂದು ಕಳುವಾಗಿತ್ತು. ಇನ್‌ಸ್ಪೆಕ್ಟರ್ ಅಂಜನಮೂರ್ತಿ ದೂರನ್ನು ಎರಡು ಸಲ ಓದಿದರು.

"ಒಂದು ಪ್ಲೇಟಿಗೆ ಎಫ್‌ಐಆರ್ ಬೇಕೇನ್ರೀ?"

"ಅದ್ರಲ್ಲಿ ಮುನ್ನೂರ ಎಂಬತ್ನಾಲ್ಕು ಗುಳಿ ಇದೆ ಸರ್. ಎಲ್ಲದ್ರಲ್ಲೂ ಒಬ್ಬ ಕ್ಯಾನ್ಸರ್ ರೋಗಿಯ ಜೀವಕೋಶ. ಒಂದೊಂದು ಸಾಲಿಗೆ ಒಂದೊಂದು ಹೊಸ ಔಷಧ ಹಾಕಿದ್ವಿ. ಆ ರೋಗಿ ಈಗಿಲ್ಲ. ಉಳಿದಿದ್ದ ಕೋಶ ಅಷ್ಟೇ."

ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಪಂಚರ ಸಮಕ್ಷಮ ಸ್ಥಳ ಪಂಚನಾಮೆ. ಪ್ಲೇಟುಗಳನ್ನು ಮೈಬಿಸಿಯಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಎರಡು ಗಂಟೆಗೊಮ್ಮೆ ಯಂತ್ರವೇ ಪ್ರತಿ ಗುಳಿಯ ಫೋಟೋ ತೆಗೆಯುತ್ತಿತ್ತು. ಬದುಕಿದ ಕೋಶ ಹಸಿರು, ಸತ್ತದ್ದು ಕೆಂಪು. ಬೆಳಿಗ್ಗೆ ಆರರ ಫೋಟೋದಲ್ಲಿ ಹದಿನೇಳನೇ ಪ್ಲೇಟು ಇತ್ತು. ಎಂಟಕ್ಕೆ ಇರಲಿಲ್ಲ. ನಡುವೆ ಒಳಗೆ ಬಂದವರು ಇಬ್ಬರೇ: ತಂತ್ರಜ್ಞ ಕಿರಣಕುಮಾರ, ಕಸ ಗುಡಿಸುವ ಸಾಬಮ್ಮ. ಏಳೂ ಹತ್ತರ ಸಿಸಿಟಿವಿಯಲ್ಲಿ ಸಾಬಮ್ಮ ಸೆರಗನ್ನು ಎದೆಗವಚಿಕೊಂಡು ಹೊರಗೆ ಹೋಗುತ್ತಿದ್ದಳು.

ಅಂಜನಮೂರ್ತಿ ಕಿರಣಕುಮಾರನನ್ನು ಕೂರಿಸಿಕೊಂಡರು.

"ಆಯಮ್ಮಂಗೆ ಆ ಪ್ಲೇಟು ಯಾಕೆ ಬೇಕಿತ್ತು?"

ಹುಡುಗ ತಲೆ ಎತ್ತಲಿಲ್ಲ. "ತಪ್ಪು ನಂದೇ ಸರ್. ಗಡ್ಡೆನ ಸಂಶೋಧನೆಗೆ ಕೊಡೋಕೆ ಆಸ್ಪತ್ರೆಲಿ ಹೆಬ್ಬೆಟ್ಟು ಒತ್ತಿದ್ದ ಒಪ್ಪಿಗೆ ಚೀಟಿ ತಂದು, ಇದ್ರಲ್ಲಿ ಏನು ಬರ್ದಿದೆ ಓದಪ್ಪಾ ಅಂದ್ರು. ನೋಡಿದ್ರೆ ನಮ್ಮ ಪ್ಲೇಟಿನ ನಂಬರೇ. ಅವ್ರ ಮಗಳು ಜಯಮಾಲಾ, ಹೋದ ಆಗಸ್ಟಲ್ಲಿ ತೀರ್ಕೊಂಡ್ಳು. ಹೇಳ್ಬಾರ್ದಿತ್ತು, ಹೇಳ್ಬಿಟ್ಟೆ. ಸ್ಕ್ರೀನಲ್ಲೂ ತೋರಿಸ್ದೆ."

"ಆಮೇಲೆ?"

"ದಿನಾ ಕೆಲಸ ಮುಗಿಸಿ ಬಂದು ನೋಡ್ತಿದ್ರು. ಇದು ಮುಗಿದ್ಮೇಲೆ ಏನ್ಮಾಡ್ತೀರಿ ಅಂತ ಶನಿವಾರ ಕೇಳಿದ್ರು. ಸೋಮವಾರ ಸಂಜೆ ಸುಟ್ಟು ಹಾಕ್ತೀವಿ ಅಂದೆ."

ಮಧ್ಯಾಹ್ನ ಮೂರಕ್ಕೆ ಅಂಜನಮೂರ್ತಿ ಕಾನ್‌ಸ್ಟೇಬಲ್ ಮಾನಪ್ಪ, ಮಹಿಳಾ ಕಾನ್‌ಸ್ಟೇಬಲ್ ಮೋನಿಷಾ ಅವರೊಂದಿಗೆ ರಾಮಮೂರ್ತಿ ನಗರದಲ್ಲಿದ್ದ ಸಾಬಮ್ಮಳ ಬಾಡಿಗೆ ಕೋಣೆಗೆ ಹೋದರು. ಸಾಬಮ್ಮ ಓಡಲಿಲ್ಲ, ಅಳಲೂ ಇಲ್ಲ. ಬಿರುಬಿಸಿಲಿನಲ್ಲೂ ಕಂಬಳಿ ಹೊದ್ದು ಗೋಡೆಗೊರಗಿ ಕೂತಿದ್ದಳು. ಪ್ಲೇಟನ್ನು ಹೊಟ್ಟೆಯ ಮೇಲೆ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

ಯಾದಗಿರಿ ಕಡೆಯ ಮಾನಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕೂತ. "ಅವ್ವಾ, ಅದನ್ನ ಕೊಡವ್ವಾ."

"ತಣ್ಣಗಾದ್ರ ಸಾಯ್ತಾವಂತಪ್ಪಾ."

ಅಂಜನಮೂರ್ತಿ ಮೆಲ್ಲಗೆ ಕೇಳಿದರು. "ಅದು ನಿಮ್ಮ ಮಗಳನ್ನ ತಿಂದ ಗಡ್ಡೆ ಕಣಮ್ಮಾ. ಗೊತ್ತಿತ್ತಾ?"

"ಗೊತ್ತದ್ರಿ. ಆದ್ರ ಆಕಿ ಮೈಯಾಗಿಂದು ಉಳಿದದ್ದು ಅದೊಂದೇ. ಒಮ್ಮೆ ನನ್ನ ಕೈಯಾರೆ ಬೆಂಕಿಗೆ ಕೊಟ್ಟೀನ್ರಿ. ಇನ್ನೊಮ್ಮೆ ಸುಡಾಕ ಹೆಂಗ ಬಿಡ್ಲಿ?"

ಮಾನಪ್ಪ ಎರಡೂ ಕೈ ಚಾಚಿದ. ಕಡೆಗೆ ಆಕೆಯೇ ಗಂಟು ಬಿಚ್ಚಿದಳು.

ಜಪ್ತಿ ಪಂಚನಾಮೆ ಮುಗಿದ ಮೇಲೆ, ಪ್ಲೇಟು ಗುರುತಿಸಲು ಬಂದ ಸಿದ್ಧಾರ್ಥ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಗುಳಿಗಳ ದ್ರವವೆಲ್ಲ ಚೆಲ್ಲಿ ಒಂದಕ್ಕೊಂದು ಬೆರೆತಿತ್ತು. ಅವರು ಅಂಜನಮೂರ್ತಿಯವರನ್ನು ಬಾಗಿಲಾಚೆ ಕರೆದರು.

"ನಿನ್ನೆಯಿಂದ ಒಂದು ಸಾಲು ಕೆಂಪಾಗ್ತಾ ಬಂದಿತ್ತು ಸರ್. ಆ ಔಷಧ ಹಿಡೀತಿತ್ತು. ಇವತ್ತು ಸಂಜೆವರೆಗಿನ ಫೋಟೋ ಸಿಕ್ಕಿದ್ರೆ ಖಾತ್ರಿ ಆಗ್ತಿತ್ತು. ಈ ಥರದ ಗಡ್ಡೆಗೆ ಇವತ್ತಿಗೂ ಮದ್ದಿಲ್ಲ." ಪ್ಲೇಟನ್ನು ವಾಪಸು ಕೊಡುತ್ತಾ ಹೇಳಿದರು: "ಅವು ಸಾಯೋದೇ ನಮ್ಗೆ ಬೇಕಾಗಿತ್ತು."

ಸಂಜೆ ಐದೂ ಹತ್ತಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 306ರ, ಅಂದರೆ ಕೆಲಸದವರಿಂದ ಮಾಲೀಕರ ಸ್ವತ್ತಿನ ಕಳವಿನ, ಅಡಿ ಸಾಬಮ್ಮಳ ಬಂಧನವಾಯಿತು. ಜೀಪು ಹತ್ತುವಾಗ ಆಕೆ ಅಂಜನಮೂರ್ತಿಯವರನ್ನು ಕೇಳಿದಳು: "ಸಾಹೇಬ್ರ, ಅವು ಜೀವಂತ ಅದಾವೇನ್ರಿ ಇನ್ನಾ?"

ಅವರು ಹೋಗಿ ಮುಂದಿನ ಸೀಟಿನಲ್ಲಿ ಕೂತರು.

ಆ ಸಂಜೆ ಅವರು ಕೇಸ್ ಡೈರಿ ತೆರೆದರು. ಕೃತ್ಯದ ಉದ್ದೇಶ ಎಂಬಲ್ಲಿ, 'ಆರೋಪಿಗೆ ಲಾಭದ ಆಸೆ ಇರಲಿಲ್ಲ. ಮಗಳ ಶರೀರದ ಪೈಕಿ ಉಳಿದದ್ದನ್ನು ಉಳಿಸಿಕೊಳ್ಳಲು ಒಯ್ದಿರುತ್ತಾಳೆ' ಎಂದು ಬರೆದು ಸಹಿ ಹಾಕಿದರು. ಕೆಂಪಾಗುತ್ತಿದ್ದ ಆ ಸಾಲಿನ ವಿಷಯವನ್ನು ಸಾಬಮ್ಮಳಿಗೆ ಅವರು ಹೇಳಲಿಲ್ಲ.